ಹೆಸರು ಗೊತ್ತಿಲ್ಲದ ಮಸೆಗಲ್ಲು: ಕ್ಷೌರದ ಕತ್ತಿಗೆ ಆಗುತ್ತದೋ ಇಲ್ಲವೋ ಪತ್ತೆ ಮಾಡುವ ಬಗೆ

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕಲ್ಲು. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಕತ್ತಿಯ ಜೊತೆ ಪುಕ್ಕಟೆ ಬಂದ ಕಲ್ಲು. ಬಾಗಿಲು ಹಾಕಿದ ಕಟಿಂಗ್ ಅಂಗಡಿಯ ಡ್ರಾವರಿನಲ್ಲಿ ಉಳಿದುಹೋದ ಕಲ್ಲು. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗದ ಕಡೆ ಕ್ಷೌರದಂಗಡಿಗಳೆಲ್ಲ ಬ್ಲೇಡು ಬದಲಿಸುವ ಕತ್ತಿಗೆ ಬಂದ ಮೇಲೆ ಇಂಥ ಕಲ್ಲುಗಳು ಬಹಳ ಅನಾಥವಾದವು. ಈಗ ಹಳೇ ಮಡಚುವ ಕತ್ತಿಯಲ್ಲಿ ಗಡ್ಡ ಮಾಡಿಕೊಳ್ಳುವ ಹುಡುಗರು ಮತ್ತೆ ಅವನ್ನು ಹುಡುಕುತ್ತಿದ್ದಾರೆ. ನನಗೆ ಇದು ಖುಷಿಯ ವಿಷಯ. ಆದರೆ ಎಲ್ಲರ ದೂರು ಎರಡೇ. "ಎಷ್ಟು ಮಸೆದರೂ ಹರಿತ ಬರುತ್ತಿಲ್ಲ" ಅಂತ ಒಂದು. "ಹರಿತ ಬರುತ್ತದೆ, ಮುಖ ಉರಿಯುತ್ತದೆ" ಅಂತ ಇನ್ನೊಂದು.

ದೂರಿನ ಹಿಂದೆಯೇ "ಈ ಕಲ್ಲಿನ ಹೆಸರೇನು?" ಅಂತ ಕೇಳುತ್ತಾರೆ. ಹೆಸರಿಗೆ ಅವಸರ ಬೇಡ. ಕಲ್ಲು ಉಕ್ಕನ್ನು ಕಡಿಯುತ್ತದೋ ಇಲ್ಲವೋ, ಕಡಿದರೆ ಎಷ್ಟು ನಯವಾಗಿ ಕಡಿಯುತ್ತದೆ ಅನ್ನೋದು ಗೊತ್ತಾದರೆ ಕಲ್ಲನ್ನು ಬಳಸಬಹುದು. ಅದು ಯಾವ ಜಾತಿಯದು ಅನ್ನೋದೂ ಆ ದಾರಿಯಲ್ಲೇ ಮುಕ್ಕಾಲು ತಿಳಿಯುತ್ತದೆ.

ತಪ್ಪು ಕಲ್ಲಿನದೋ, ಕತ್ತಿಯದೋ?

ಕಲ್ಲಿನ ಮೇಲೆ ಅನುಮಾನ ಪಡುವ ಮುಂಚೆ ಕತ್ತಿಯನ್ನು ನೋಡಬೇಕು. ಅದಕ್ಕೆ ನಂಬರ್ ಗೊತ್ತಿರುವ ಕೃತಕ ಕಲ್ಲುಗಳು ಬೇಕು. ನಂಬರ್ ದೊಡ್ಡದಾದಷ್ಟೂ ಕಲ್ಲು ನಯ. 1000ದ್ದು ಒಂದು, 8000ದ್ದು ಒಂದು ಇದ್ದರೆ ಸಾಕು. ನಿಮ್ಮಲ್ಲಿ ಇಲ್ಲದಿದ್ದರೆ ಗೆಳೆಯರಿಂದ ಒಂದು ವಾರಕ್ಕೆ ತನ್ನಿ.

ಅಲಗಿನ ಎರಡೂ ಮಗ್ಗುಲಿಗೆ ತುದಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಕತ್ತಿಯ ಬೆನ್ನು ಮತ್ತು ಅಲಗು ಎರಡೂ ಕಲ್ಲಿಗೆ ತಾಗುವ ಹಾಗೆ ಮಲಗಿಸಿ 1000ದ ಕಲ್ಲಿನ ಮೇಲೆ ಸ್ವಲ್ಪ ಎಳೆದು ನೋಡಿ. ಬಣ್ಣ ಪೂರ್ತಿ ಹೋದರೆ ಸರಿ. ಎಲ್ಲಾದರೂ ಉಳಿದರೆ ಅಲ್ಲಿ ಅಲಗು ಕಲ್ಲಿಗೆ ಮುಟ್ಟುತ್ತಲೇ ಇಲ್ಲ. ಒಂದೋ ಕತ್ತಿ ಬಾಗಿದೆ, ಇಲ್ಲಾ ಕಲ್ಲು ಸಮತಟ್ಟಾಗಿಲ್ಲ. ಬಣ್ಣ ಹೋಗಿ, ಮುಂಗೈ ಕೂದಲು ಬುಡದಲ್ಲಿ ಹಾರುವವರೆಗೆ 1000ದಲ್ಲಿ ಮಸೆಯಿರಿ. ನಂತರ 8000, ನಂತರ ಚರ್ಮದ ಪಟ್ಟಾ. ಆಮೇಲೆ ಗಡ್ಡ ಮಾಡಿ ನೋಡಿ. ಆರಾಮಾಗಿ ಆಯಿತಾ? ಹಾಗಾದರೆ ಕತ್ತಿ, ಪಟ್ಟಾ, ನಿಮ್ಮ ಕೈ ಮೂರೂ ಚೊಲೋ ಇವೆ. ಆಗಲಿಲ್ಲವಾದರೆ ಹೆಸರಿಲ್ಲದ ಕಲ್ಲನ್ನು ಬಯ್ಯುವ ಹಾಗಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳ ಹಳೇ ಕತ್ತಿಗಳಲ್ಲಿ ತುಕ್ಕಿನ ಕಪ್ಪು ಚುಕ್ಕೆ ಅಲಗಿನ ತುದಿಗೇ ಬಂದಿರುತ್ತದೆ. ಅಂಥ ಕತ್ತಿ ಮಸೆದಷ್ಟೂ ಸಣ್ಣ ಹಲ್ಲು ಬಿಡುತ್ತಲೇ ಇರುತ್ತದೆ. ಅದಕ್ಕೆ ಬೆಲ್ಜಿಯಂನಿಂದ ಕಲ್ಲು ತರಿಸಿದರೂ ಪ್ರಯೋಜನವಿಲ್ಲ. ತುಕ್ಕು ದಾಟಿ ಒಳ್ಳೆ ಉಕ್ಕು ಸಿಗುವವರೆಗೆ ಅಲಗನ್ನು ಹಿಂದೆ ಸರಿಸಬೇಕು.

ತೊಳೆಯುವ ಮುಂಚೆ ಒಂದು ಸಲ ಚೆನ್ನಾಗಿ ನೋಡಿ

ಕೈಗೆ ಸಿಕ್ಕ ತಕ್ಷಣ ಕಲ್ಲನ್ನು ಬಕೆಟ್ಟಿಗೆ ಹಾಕಬೇಡಿ. ತುದಿಯಲ್ಲಿ, ಮಗ್ಗುಲಲ್ಲಿ ಹಳೇ ಕಾಗದದ ಚೀಟಿಯ ತುಂಡು ಅಂಟಿಕೊಂಡಿರಬಹುದು. ಜರ್ಮನಿಯ ಥುರಿಂಗಿಯಾದ ಎಷರ್ ಕಲ್ಲುಗಳಿಗೆ ಅಂಥ ಚೀಟಿ ಇರುತ್ತಿತ್ತು. ಚೀಟಿಯ ಒಂದು ಮೂಲೆ ಉಳಿದಿದ್ದರೂ ಅರ್ಧ ಕೆಲಸ ಮುಗಿದ ಹಾಗೆ. ಆರೂ ಮುಖಗಳ ಫೋಟೋ ತೆಗೆದಿಡಿ. ಕಟ್ಟಿಗೆಯ ಪೆಟ್ಟಿಗೆ ಇದ್ದರೆ ಅದರ ಒಳಗಡೆಯನ್ನೂ ನೋಡಿ. ಎಣ್ಣೆ ಕುಡಿದು ಕಪ್ಪಾದ ಪೆಟ್ಟಿಗೆ ಒಂದು ಸಾಕ್ಷಿ.

ಕಲ್ಲು ಕೊಟ್ಟವರು ಸಿಕ್ಕರೆ ಕೇಳಬೇಕಾದ ಮುಖ್ಯ ಪ್ರಶ್ನೆಯೂ ಅದೇ. ಗದಗದಲ್ಲಿ ಒಬ್ಬ ಹಿರಿಯರನ್ನು "ಕಾಕಾ, ಇದಕ್ಕ ನೀರ ಹಾಕ್ತಿದ್ರೋ, ಎಣ್ಣಿ ಹಾಕ್ತಿದ್ರೋ?" ಅಂತ ಕೇಳಿದೆ. "ಎರಡೂ ಅಲ್ಲ ತಮ್ಮಾ, ನಮ್ಮಪ್ಪ ಸಾಬೂನಿನ ಬುರುಗ ಹಚ್ಚತಿದ್ದ" ಅಂದರು. ಆ ಒಂದು ಮಾತಿನಿಂದ ಅದು ಕ್ಷೌರಿಕರಿಗೆಂದೇ ಕಾರ್ಖಾನೆಯಲ್ಲಿ ಮಾಡಿದ ಸಣ್ಣ ಕಲ್ಲು ಇರಬಹುದು ಅನ್ನಿಸಿತು. ಅಂಥ ಕಲ್ಲಿಗೆ ನೊರೆ ಹಚ್ಚಿ ಮಸೆಯುವ ರೂಢಿ ಇತ್ತು. ತೊಳೆದ ಮೇಲೆ ಅದು ಹಾಗೇ ಇತ್ತು: ಎಲ್ಲ ಕಡೆ ಒಂದೇ ಬಣ್ಣ, ಅಚ್ಚಿನಲ್ಲಿ ಒತ್ತಿದ ಅಂಚು.

ಇನ್ನು ತೊಳೆಯುವುದು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಯಾಕೆಂದರೆ ಕೊಳೆಯೇ ಅರ್ಧ ಸುಳ್ಳು ಹೇಳುತ್ತದೆ. ಹಳೇ ಎಣ್ಣೆ ಒಣಗಿ, ಅದರಲ್ಲಿ ಉಕ್ಕಿನ ಪುಡಿ ಸೇರಿ, ಕಲ್ಲಿನ ಮೈಮೇಲೆ ಪದರ ಕಟ್ಟಿರುತ್ತದೆ. ಕೆನೆ ಬಣ್ಣದ ಕಲ್ಲು ಇದ್ದಿಲಿನ ಹಾಗೆ ಕಾಣುತ್ತದೆ. ತರಿ ಕಲ್ಲು ಬೆರಳಿಗೆ ನುಣ್ಣಗೆ ಹತ್ತುತ್ತದೆ. "ಕತ್ತಿ ಸುಮ್ನೆ ಜಾರುತ್ತದೆ, ಏನೂ ಆಗಲ್ಲ" ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಪಾತ್ರೆ ತೊಳೆಯುವ ಸೋಪು, ಬಿಸಿಯಲ್ಲದ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಇಷ್ಟರಿಂದ ಶುರು ಮಾಡಿ. ಎಣ್ಣೆ ಗಟ್ಟಿಯಾಗಿ ಕೂತಿದ್ದರೆ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಒಂದು ರಾತ್ರಿ ಮುಳುಗಿಸಿಟ್ಟು, ಮತ್ತೆ ಸೋಪಿನಿಂದ ತಿಕ್ಕಿ. ಒಲೆಯಿಂದ ದೂರ, ಗಾಳಿಯಾಡುವ ಕಡೆ ಇಡಿ. ಕುದಿಸಬೇಡಿ. ಎರಡು ಪದರ ಅಂಟಿಸಿದ ಕಲ್ಲಾಗಿದ್ದರೆ ಬಿಟ್ಟುಕೊಳ್ಳುತ್ತದೆ, ಸ್ಲೇಟಿನ ಜಾತಿಯದಾಗಿದ್ದರೆ ಪದರದಲ್ಲಿ ಸೀಳಬಹುದು.

ತೊಳೆದ ಮೇಲೂ ಮೈ ಹೊಳೆಯುತ್ತಿದ್ದರೆ ಹಳೇ ಮುಖವನ್ನು ತುಸು ತಿಕ್ಕಿ ಹೊಸದು ಮಾಡಬೇಕು. ಗಾಜಿನ ಅಂಗಡಿಯಲ್ಲಿ ದಪ್ಪ ಗಾಜಿನ ಒಂದು ತುಂಡು ಕೇಳಿ ತನ್ನಿ. ಅಡುಗೆಮನೆಯ ಕಟ್ಟೆ ಸಮ ಇರುವ ಹಾಗೆ ಕಾಣುತ್ತದೆ, ಇರುವುದಿಲ್ಲ. ಗಾಜಿನ ಮೇಲೆ 220ರ ವಾಟರ್ ಪೇಪರ್ ಇಟ್ಟು, ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಚೌಕುಳಿ ಗೆರೆ ಹಾಕಿ, ನೀರು ಬಿಟ್ಟುಕೊಂಡು ತಿಕ್ಕಿ. ಗೆರೆಗಳೆಲ್ಲ ಒಟ್ಟಿಗೇ ಅಳಿಸಿದರೆ ಕಲ್ಲು ಸಮ ಆಯಿತು. ಆಮೇಲೆ 400, 600ರ ಕಾಗದ. ಒಣಗಿದ್ದಾಗ ಮಾತ್ರ ಎಂದಿಗೂ ತಿಕ್ಕಬೇಡಿ. ಇಂಥ ಕಲ್ಲುಗಳ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ನೆಲದಲ್ಲಿ ಹುಟ್ಟಿದ್ದೋ, ಕಾರ್ಖಾನೆಯಲ್ಲಿ ಆದದ್ದೋ?

ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಎಲ್ಲ ಕಡೆ ಒಂದೇ ಗಾತ್ರದ ಕಣ, ನಡುನಡುವೆ ಸೂಜಿಮೊನೆಯಷ್ಟು ತೂತು, ಒಂದೇ ಸಮನೆ ಮಿನುಗು ಕಂಡರೆ ಅದು ಕೃತಕ ಕಲ್ಲು. ಬೂದುಗಪ್ಪಾಗಿ ಮಿನುಗುವುದು ಸಿಲಿಕಾನ್ ಕಾರ್ಬೈಡ್. ಕಂದು ಅಥವಾ ಕಿತ್ತಳೆ ಬಣ್ಣದ್ದು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್. ನಾರ್ಟನ್ ಕಂಪನಿಯ "ಇಂಡಿಯಾ" ಕಲ್ಲು ಈ ಎರಡನೇ ಜಾತಿಯದು. ಹೆಸರು ನೋಡಿ ನಮ್ಮ ದೇಶದ ಗಣಿಯಿಂದ ಬಂದದ್ದು ಅಂದುಕೊಳ್ಳಬೇಡಿ. ಹಳೇ ಯುಗೊಸ್ಲಾವಿಯಾದ ಸ್ವಾಟಿ ಕಲ್ಲೂ ಕಾರ್ಖಾನೆಯದೇ, ಆದರೆ ಕ್ಷೌರದ ಕತ್ತಿಗೆ ಅದು ಬಹಳ ಒಳ್ಳೆಯದು. ಕೃತಕ ಅಂದ ಕೂಡಲೇ ಬಿಸಾಡಬೇಡಿ.

ನೈಸರ್ಗಿಕ ಕಲ್ಲಿನಲ್ಲಿ ಎಲ್ಲೋ ಒಂದು ಎಳೆ, ಮಚ್ಚೆ, ಬಣ್ಣದ ಏರುಪೇರು ಇರುತ್ತದೆ. ಮಗ್ಗುಲಲ್ಲಿ ಪದರ ಕಾಣಬಹುದು, ಗರಗಸದ ಗುರುತು ಉಳಿದಿರಬಹುದು. ಒಂದು ಹನಿ ನೀರು ಬಿಟ್ಟು ನೋಡಿ. ಕೃತಕ ಕಲ್ಲುಗಳಲ್ಲಿ ಬಹಳಷ್ಟು ಅದನ್ನು ಹೀರಿಕೊಳ್ಳುತ್ತವೆ. ನಯವಾದ ನೈಸರ್ಗಿಕ ಕಲ್ಲಿನ ಮೇಲೆ ಹನಿ ಹಾಗೇ ಕೂರುತ್ತದೆ.

ತೂಕ, ಗೀರು, ನಿಂಬೆಹಣ್ಣು

ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಗ್ರಾಂ ಅಂದರೆ ಕಲ್ಲಿನ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. ಒಣಗಿದ್ದಾಗ 350 ಗ್ರಾಂ, ನೀರಿನಲ್ಲಿ 128 ತೋರಿಸಿದರೆ ಸಾಂದ್ರತೆ 2.73. ಕಲ್ಲಿನಿಂದ ಗುಳ್ಳೆ ಏಳುತ್ತಿದ್ದರೆ ಒಳಗೆ ತೂತುಗಳಿವೆ, ಲೆಕ್ಕ ಪಕ್ಕಾ ಬರುವುದಿಲ್ಲ.

ಬರೀ ಬೆಣಚು 2.65. ಸ್ಲೇಟಿನ ಜಾತಿ ಸಾಮಾನ್ಯವಾಗಿ 2.7ರಿಂದ 2.8. ಸುಣ್ಣದಕಲ್ಲೂ 2.7ರ ಹತ್ತಿರವೇ ಬರುತ್ತದೆ, ಬಳಪದ ಕಲ್ಲೂ ಅಲ್ಲೇ ಸುತ್ತಾಡುತ್ತದೆ. ಹಾಗಾಗಿ ತೂಕವೊಂದನ್ನೇ ನಂಬಿ ತೀರ್ಪು ಕೊಡಬೇಡಿ. 3 ದಾಟಿದರೆ ಮಾತ್ರ ಕಿವಿ ನೆಟ್ಟಗಾಗಬೇಕು: ಗಾರ್ನೆಟ್ ಅನ್ನುವ ಗಟ್ಟಿ ಹರಳು ಇರುವ ಕಲ್ಲೋ, ಕಬ್ಬಿಣದ ಕಲ್ಲೋ ಇರಬಹುದು.

ಈಗ ಕಲ್ಲಿನ ಮಗ್ಗುಲಲ್ಲಿ, ಮಸೆಯುವ ಮುಖದಲ್ಲಿ ಅಲ್ಲ, ಗೀರಿ ನೋಡಿ. ಉಗುರಿಗೇ ಗೀರು ಬಿದ್ದರೆ ಅದು ಬಳಪದ ಜಾತಿ. ಲಕ್ಕುಂಡಿಯ ಗುಡಿಗಳನ್ನು ಕಟ್ಟಿದ್ದು ಇಂಥ ಮೆತ್ತನೆಯ ಕಲ್ಲಿನಲ್ಲೇ. ಅಷ್ಟು ಸೂಕ್ಷ್ಮ ಕೆತ್ತನೆಗೆ ಅದು ಒಗ್ಗಿದ್ದೇ ಮೆತ್ತಗಿದ್ದುದರಿಂದ. ಅದೇ ಗುಣ ಕತ್ತಿಗೆ ಉಪಯೋಗವಿಲ್ಲ. ಉಕ್ಕಿನ ಮೊಳೆ ಎಷ್ಟು ಒತ್ತಿದರೂ ಜಾರಿ, ಕಲ್ಲಿನ ಮೇಲೆ ಬೂದು ಲೋಹದ ಗೆರೆ ಬಿಟ್ಟರೆ ಕಲ್ಲು ಬೆಣಚಿನಷ್ಟು ಗಟ್ಟಿ.

ಮೊಳೆಗೆ ಗೀರು ಬಿದ್ದರೆ? ಇಲ್ಲಿ ಅವಸರದ ತೀರ್ಮಾನ ಬೇಡ. ಒಳ್ಳೆ ಥುರಿಂಗಿಯನ್ ಕಲ್ಲಿಗೂ ಗೀರು ಬೀಳುತ್ತದೆ, ಬೆಲ್ಜಿಯಂನ ಹಳದಿ ಕೋಟಿಕ್ಯೂಲ್‌ಗೂ ಬೀಳುತ್ತದೆ. ಅವುಗಳ ಮೈ ಮೆತ್ತಗಿದ್ದರೂ ಒಳಗೆ ಹುದುಗಿರುವ ಕಣಗಳು ಗಟ್ಟಿ. ಮೊಳೆ ಹೇಳುವುದು ಮೈಯ ಸುದ್ದಿ ಮಾತ್ರ, ಉಕ್ಕನ್ನು ಕಡಿಯುವುದು ಕಣ.

ನಿಂಬೆಹಣ್ಣಿನ ಪರೀಕ್ಷೆ ನಮ್ಮ ಭಾಗದಲ್ಲಿ ಬಿಡಲೇಬಾರದು. ಗೀರಿದಾಗ ಬಂದ ಪುಡಿಯ ಮೇಲೆ ನಿಂಬೆರಸದ ಹನಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ಅಡುಗೆ ಕಟ್ಟೆಯ ಕಪ್ಪು ಕಡಪಾ ಕಲ್ಲು ಎರಡೂ ಸುಣ್ಣದಕಲ್ಲೇ. ಕಣ ಬಹಳ ನಯ, ಬಣ್ಣ ಬೂದು ಅಥವಾ ಕಪ್ಪು, ಕತ್ತರಿಸಿದರೆ ಅಂಚು ನೆಟ್ಟಗೆ. ನೋಡಿದವರು ಜರ್ಮನ್ ಸ್ಲೇಟು ಅಂದುಕೊಂಡುಬಿಡುತ್ತಾರೆ. ಆದರೆ ಸುಣ್ಣದಕಲ್ಲು ಉಕ್ಕಿಗಿಂತ ಬಹಳ ಮೆತ್ತಗೆ. ಅಡುಗೆಮನೆಯ ಚಾಕು ಅದರ ಮೇಲೆ ತುಸು ಸರಿಹೋಗಬಹುದು, ಕ್ಷೌರದ ಕತ್ತಿಗೆ ಆಗುವ ಅಂಚು ಬರುವುದಿಲ್ಲ. ಕಲ್ಲು ಎಣ್ಣೆ ಕುಡಿದಿದ್ದರೆ ಗುಳ್ಳೆ ಏಳದೇ ಮೋಸ ಹೋಗಬಹುದು, ಅದಕ್ಕೇ ತೊಳೆಯುವುದು ಮೊದಲು.

ಬಾದಾಮಿ ಕಡೆಯ ಕೆಂಪು ಮರಳುಗಲ್ಲನ್ನು ಬೆರಳೇ ಗುರುತಿಸುತ್ತದೆ, ಅದು ಕುಡುಗೋಲು, ಕೊಡಲಿಗೆ ಸರಿ. ಗದಗದ ಗುಡ್ಡಗಳ ಬೂದು-ಹಸಿರು ಪದರಗಲ್ಲು ಮಾತ್ರ ಯೋಚನೆಗೆ ಹಚ್ಚುತ್ತದೆ. ಜಗತ್ತಿನ ಭೂವಿಜ್ಞಾನಿಗಳು "ಧಾರವಾಡ ಶಿಲೆಗಳು" ಅಂತ ಕರೆಯುವ ಬಹಳ ಹಳೇ ಕಲ್ಲುಗಳ ನಾಡು ಇದು. ಸ್ಲೇಟಿಗೆ ಹತ್ತಿರದ ನಯವಾದ ಪದರಗಲ್ಲು ಇಲ್ಲಿ ಸಿಗುತ್ತದೆ. ಅದರ ಪಕ್ಕದಲ್ಲೇ ಕಬ್ಬಿಣದ ಪಟ್ಟೆಗಲ್ಲೂ ಸಿಗುತ್ತದೆ. ಕೈಗೆ ಭಾರ, ಗೀರಿದರೆ ಕೆಂಪು ಪುಡಿ, ಕೆಲವೊಮ್ಮೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಹಾಗಂತ ಕಪ್ಪತಗುಡ್ಡಕ್ಕೆ ಚೀಲ ಹಿಡಿದು ಹೋಗಬೇಡಿ. 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿನ ಕಲ್ಲು ಅಲ್ಲೇ ಇರಬೇಕು.

ರಾಡಿ ಏನು ಹೇಳುತ್ತದೆ?

ಇಡೀ ಪತ್ತೆ ಕೆಲಸದಲ್ಲಿ ನಾನು ಜಾಸ್ತಿ ನಂಬುವುದು ಇದನ್ನು. ಕಲ್ಲಿನ ಮೇಲೆ ಸ್ವಲ್ಪ ನೀರು ಹಾಕಿ, ಅದೇ ಜಾತಿಯ ಸಣ್ಣ ತುಂಡಿನಿಂದ ಅಥವಾ ಡೈಮಂಡ್ ಪ್ಲೇಟಿನಿಂದ (ವಜ್ರದ ಪುಡಿ ಕೂರಿಸಿದ ಲೋಹದ ತಟ್ಟೆ) ತಿಕ್ಕಿದರೆ ರಾಡಿ ಏಳುತ್ತದೆ. ಸ್ಲರಿ ಅಂತಾರಲ್ಲ, ಅದು. ಬಿಳಿ ಬಟ್ಟಲಿಗೆ ತುಸು ತೆಗೆದು ಬಣ್ಣ ನೋಡಿ. ಕಲ್ಲಿನ ಬಣ್ಣಕ್ಕಿಂತ ಈ ಬಣ್ಣವೇ ನಿಜವಾದ ಗುರುತು. ಕೋಟಿಕ್ಯೂಲ್ ಕೆನೆಬಣ್ಣದ ಹಾಲಿನಂಥ ರಾಡಿ ಕೊಡುತ್ತದೆ. ಅದರ ಜೊತೆಗಾರ, ಬೆಲ್ಜಿಯಂನ ನೀಲಿ ಕಲ್ಲು, ನೇರಳೆ ಛಾಯೆಯ ರಾಡಿ ಕೊಡುತ್ತದೆ. ಥುರಿಂಗಿಯನ್ ಕಲ್ಲು ಹೊರಗೆ ಹಸಿರೋ ನೀಲಿಯೋ ಇದ್ದರೂ ರಾಡಿ ತಿಳಿ, ಬೆಳ್ಳಗಿನ ಕಡೆ. ಸಾಮಾನ್ಯ ಪಾಟಿಕಲ್ಲಿನ ರಾಡಿ ಬೂದು. ಅಮೆರಿಕದ ಅರ್ಕಾನ್ಸಾಸ್ ಕಲ್ಲಿನಿಂದ ರಾಡಿ ಎಬ್ಬಿಸುವುದೇ ಕಷ್ಟ, ಕೈ ಸೋಲುತ್ತದೆ.

ಆಮೇಲೆ ಆ ರಾಡಿಯ ಮೇಲೆ ಒಂದು ಹಳೇ ಕಾರ್ಬನ್ ಸ್ಟೀಲ್ ಚಾಕು ಎಳೆಯಿರಿ. ಕತ್ತಿ ಬೇಡ, ಮೊದಲು ಚಾಕು. ಕಲ್ಲು ಉಕ್ಕನ್ನು ಕಡಿಯುತ್ತಿದ್ದರೆ ತಿಳಿ ರಾಡಿ ಸ್ವಲ್ಪ ಹೊತ್ತಿನಲ್ಲೇ ಬೂದಾಗಿ, ಕಪ್ಪಾಗುತ್ತಾ ಹೋಗುತ್ತದೆ. ರಾಡಿಯೇ ಕಪ್ಪಗಿದ್ದು ಬದಲಾವಣೆ ಕಾಣದಿದ್ದರೆ ಅಯಸ್ಕಾಂತಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ ರಾಡಿಯಲ್ಲಿ ಆಡಿಸಿ. ಕಡಿದ ಉಕ್ಕಿನ ಪುಡಿ ಅದಕ್ಕೆ ಮೆತ್ತಿಕೊಂಡು ಬರುತ್ತದೆ. ಚಾಕು ಎಳೆಯುವ ಮುಂಚೆಯೂ ಒಂದು ಸಲ ಅಯಸ್ಕಾಂತ ಆಡಿಸಿ, ಕಲ್ಲಿನದೇ ಕಬ್ಬಿಣ ಇದ್ದರೆ ಆಗಲೇ ಗೊತ್ತಾಗುತ್ತದೆ. ಎಷ್ಟು ಎಳೆದರೂ ಬಣ್ಣ ಬದಲಾಗದೆ, ಅಯಸ್ಕಾಂತಕ್ಕೂ ಏನೂ ಬರದಿದ್ದರೆ ಆ ಕಲ್ಲು ಉಕ್ಕನ್ನು ಬರೀ ಸವರುತ್ತಿದೆ. ಅದು ಎಷ್ಟೇ ಚೆಂದ ಇರಲಿ, ಕತ್ತಿಗೆ ಬೇಡ.

ಕಡಿಯುತ್ತದೆ ಅಂತ ಆದರೆ ಮುಂದಿನ ಪ್ರಶ್ನೆ, ಎಷ್ಟು ನಯ? ಕತ್ತಿಯನ್ನು 1000ದ ಕಲ್ಲಿನಲ್ಲಿ ಮಸೆದು ಅದರ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿಟ್ಟುಕೊಳ್ಳಿ. ನಂತರ ಪತ್ತೆಯಾಗಬೇಕಾದ ಕಲ್ಲಿನ ಮೇಲೆ ಬೇರೆ ದಿಕ್ಕಿಗೆ ಎಳೆಯಿರಿ. ಹಳೇ ಗೀರು ಅಳಿದು ಹೊಸ ಗೀರು ಎಷ್ಟು ಸಣ್ಣದಾಗಿ ಬಂತು ಅನ್ನೋದು ಕಣ್ಣಿಗೇ ಕಾಣುತ್ತದೆ. 8000ದ ಗೀರಿನ ಪಕ್ಕ ಇಟ್ಟು ಹೋಲಿಸಿ. ಮಂಜು ಕವಿದ ಹಾಗೆ ಸಮನಾದ ಮೈ ಬಂದರೆ ಒಳ್ಳೆ ಲಕ್ಷಣ. "ಈ ಕಲ್ಲು ಎಷ್ಟು ನಂಬರ್?" ಅಂತ ಮಾತ್ರ ಕೇಳಬೇಡಿ. ನೈಸರ್ಗಿಕ ಕಲ್ಲಿನ ಕೆಲಸ ರಾಡಿ ದಪ್ಪ ಇದ್ದಾಗ ಒಂದು ಥರ, ಬರೀ ನೀರಿದ್ದಾಗ ಇನ್ನೊಂದು ಥರ. ಅದಕ್ಕೆ ಒಂದು ನಂಬರ್ ಅಂಟಿಸಿದರೆ ತಪ್ಪಾಗುತ್ತದೆ.

ಜಾತಿ ಗುರುತು

ಇಷ್ಟಾದ ಮೇಲೆ ಹೆಸರು. ಹಳದಿ ಅಥವಾ ಕೆನೆಬಣ್ಣ, ಹಿಂಬದಿಗೆ ನೇರಳೆ-ಬೂದು ಸ್ಲೇಟು, ಕೆನೆಬಣ್ಣದ ರಾಡಿ, ಬೇಗ ಕಪ್ಪಾಗುತ್ತದೆ ಅಂದರೆ ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಕೋಟಿಕ್ಯೂಲ್ ಅಂತ ಧೈರ್ಯವಾಗಿ ಹೇಳಬಹುದು. ಒಳಗೆ ಕಡಿಯುವುದು ಗಾರ್ನೆಟ್ ಹರಳು. ಹಿಂಬದಿಯ ಪದರ ಬೇರೆ ಕಲ್ಲು ಅಂತ ಕಿತ್ತುಹಾಕಬೇಡಿ. ತೆಳುವಾದ ಹಳದಿ ಕಲ್ಲಿಗೆ ಅದೇ ಆಸರೆ.

ಬಹಳ ಗಟ್ಟಿ, ರಾಡಿ ಏಳುವುದಿಲ್ಲ, ಹಳೇ ಎಣ್ಣೆಯ ವಾಸನೆ ಇದ್ದರೆ ಕತ್ತಲೆಯಲ್ಲಿ ಅಂಚಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಒಳಗೆ ಇಳಿದು ಅಂಚು ಹೊಳೆದರೆ ಅರ್ಕಾನ್ಸಾಸ್‌ನ ನಯವಾದ ಬಗೆ ಇರಬಹುದು. ಅದು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಅದರಲ್ಲಿ ಸಾಂದ್ರತೆ ಹೆಚ್ಚಿದಷ್ಟೂ ಕೆಲಸ ನಯ, ಅಂಗಡಿಯವರು ದರ್ಜೆ ಮಾಡುವುದೂ ಹಾಗೇ. ಅಗೇಟ್ ಕಲ್ಲಲ್ಲೂ ಬೆಳಕು ಇಳಿಯುತ್ತದೆ, ಆದರೆ ಅದು ಗಾಜಿನಷ್ಟು ನುಣುಪು. ಹಸಿರು ಮೈಮೇಲೆ ಕೆಂಪು ಎಳೆ, ಚುಕ್ಕೆ ಇದ್ದರೆ ಇಂಗ್ಲೆಂಡಿನ ಚಾರ್ನ್‌ಲಿ ಫಾರೆಸ್ಟ್ ನೆನಪಿಗೆ ಬರಬೇಕು. ಜಪಾನಿನ ಕ್ಯೋಟೋ ಸುತ್ತಲಿನ ಕಲ್ಲುಗಳು ನಮ್ಮ ಕಡೆ ಹಳೇ ಪೆಟ್ಟಿಗೆಯಲ್ಲಿ ಸಿಗುವುದು ಬಹಳ ಅಪರೂಪ.

ಬೂದು, ಹಸಿರು, ನೀಲಿ ಸ್ಲೇಟಿನ ಜಾತಿಯೇ ಕಷ್ಟ. ಜರ್ಮನಿಯದೂ, ವೇಲ್ಸ್‌ನದೂ, ಇನ್ನೆಲ್ಲಿಯದೋ ಒಂದೇ ಥರ ಕಾಣುತ್ತವೆ. ಚೀಟಿ ಇಲ್ಲದೆ "ಎಷರ್" ಅಂತ ಬರೆದು ಹೆಚ್ಚಿನ ಬೆಲೆಗೆ ಮಾರುವುದು ಸರಿಯಲ್ಲ. ನನಗೆ ಇದು ಗಂಭೀರ ವಿಷಯ, ಯಾಕೆಂದರೆ ಕೊಳ್ಳುವವರು ಹೆಚ್ಚಿನ ಸಲ ಹೊಸಬರು.

ಕಲ್ಲು ಸರಿ ಇದೆ, ಆದರೂ ಮುಖ ಉರಿಯುತ್ತದೆ

ಹೆಚ್ಚಾಗಿ ಇದು ರಾಡಿಯ ಮೇಲೇ ಕೆಲಸ ಮುಗಿಸಿದ್ದರ ಫಲ. ರಾಡಿಯ ಕಣಗಳಿಗೆ ಅಲಗಿನ ತುದಿ ಗುದ್ದಿಕೊಂಡು ಮೊಂಡಾಗುತ್ತದೆ. ಹನಿ ಹನಿಯಾಗಿ ನೀರು ಸೇರಿಸುತ್ತಾ ರಾಡಿ ತೆಳು ಮಾಡಿ, ಕೊನೆಗೆ ಕಲ್ಲು ಪೂರ್ತಿ ತೊಳೆದು ಬರೀ ನೀರಿನಲ್ಲಿ, ಕತ್ತಿಯ ಭಾರ ಬಿಟ್ಟರೆ ಬೇರೆ ಒತ್ತಡವಿಲ್ಲದೆ ಎಳೆಯಿರಿ. ಆಗಲೂ ಉರಿದರೆ ಆ ಕಲ್ಲು ನಡುವಿನ ಹಂತಕ್ಕೆ ಮಾತ್ರ ಆಗುವಂಥದ್ದು. ಮುಗಿಸಲು ಬೇರೆ ಕಲ್ಲು ಬೇಕು.

ಅಲಗಿನಲ್ಲಿ ಒಂದೇ ಒಂದು ಆಳವಾದ ಗೀರು ಮತ್ತೆ ಮತ್ತೆ ಬರುತ್ತಿದ್ದರೆ ಕಲ್ಲಿನಲ್ಲಿ ಎಲ್ಲೋ ಒಂದು ಗಟ್ಟಿ ಕಣ ಕೂತಿದೆ. ಕಲ್ಲಿನ ಮೇಲರ್ಧದಲ್ಲಿ ಮಾತ್ರ ಎಳೆದು ನೋಡಿ, ಆಮೇಲೆ ಕೆಳಗಿನರ್ಧದಲ್ಲಿ. ಯಾವ ಅರ್ಧ ಅಂತ ಗೊತ್ತಾದರೆ ಭೂತಗನ್ನಡಿಯಲ್ಲಿ ಹುಡುಕಿ, ಸೂಜಿಮೊನೆಯಿಂದ ಅದನ್ನು ತೆಗೆಯಬಹುದು. ಉದ್ದನೆಯ ಬೆಣಚಿನ ಎಳೆಯೇ ಆಗಿದ್ದರೆ ತೆಗೆಯಲಾಗದು, ಕಲ್ಲನ್ನು ಮಗುಚಿ ಹಿಂಬದಿಯನ್ನು ಸಮ ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಿ ಹೆಸರು ಸಿಗದೆ ಉಳಿಯುವ ಕಲ್ಲುಗಳು ಇದ್ದೇ ಇರುತ್ತವೆ. ಭೂವಿಜ್ಞಾನ ಓದಿದವರು ಪರಿಚಯವಿದ್ದರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆ ವಿಭಾಗವೇ ಇದೆ, ಒಮ್ಮೆ ತೋರಿಸಿ. ಕಲ್ಲು ಸ್ಲೇಟೋ, ಸುಣ್ಣದ್ದೋ, ಬೆಣಚಿನದೋ ಅವರು ಕೂತಲ್ಲೇ ಹೇಳಬಲ್ಲರು. ಮಾರುವುದಾದರೆ ಅಥವಾ ಬೇರೆಯವರಿಗೆ ಕೊಡುವುದಾದರೆ ಒಂದು ಚೀಟಿಯಲ್ಲಿ ಕಂಡದ್ದನ್ನು ಮಾತ್ರ ಬರೆದು ಜೊತೆಗಿಡಿ: ಸಾಂದ್ರತೆ 2.73, ನಿಂಬೆಗೆ ಗುಳ್ಳೆ ಇಲ್ಲ, ರಾಡಿ ತಿಳಿ ಬೂದು, ಉಕ್ಕು ಕಡಿಯುತ್ತದೆ, ನೀರಿನಲ್ಲಿ ಬಳಸಿದ್ದು, 8000ದ ಕಲ್ಲಿನ ನಂತರ ಸರಿ, ಸಿಕ್ಕಿದ್ದು ಗದಗದಲ್ಲಿ.